ಮಗಳ ಕತ್ತಿನಲ್ಲಿ ಸಣ್ಣ ತೂತು, ಊಟ ಮಾಡುವಾಗ ನೀರು ಜಿನುಗುತ್ತದೆ

ಮಗಳಿಗೆ 4 ವರ್ಷ. ಹುಟ್ಟಿದಾಗಿನಿಂದ ಕತ್ತಿನ ಬಲಗಡೆ ಕೆಳಗೆ, ಕಾಲರ್ ಮೂಳೆ ಹತ್ತಿರ, ಸೂಜಿಮೊನೆಯಷ್ಟು ತೂತಿದೆ. ಮಚ್ಚೆ ಇರಬೇಕು ಅಂತ ಸುಮ್ಮನಿದ್ದೆವು. ಈಗ ಊಟಕ್ಕೆ ಕೂತಾಗಲೆಲ್ಲ, ಅದರಲ್ಲೂ ಹುಳಿ ತಿಂದರೆ, ಅಲ್ಲಿಂದ ತಿಳಿನೀರು ಜಿನುಗಿ ಅಂಗಿ ಒದ್ದೆಯಾಗುತ್ತದೆ. ಕೀವಿಲ್ಲ, ನೋವಿಲ್ಲ. ಡಾಕ್ಟರು ಜೊಲ್ಲು ಗ್ರಂಥಿಯ ತುಣುಕು ಇರಬಹುದು ಅಂದರು. ಬಾಯಲ್ಲಿರುವುದು ಕತ್ತಿಗೆ ಹೇಗೆ ಬಂತು? ಕ್ಯಾನ್ಸರ್ ಏನಾದರೂ? ಅತ್ತೆ ಅರಿಶಿನ ಹಚ್ಚು ಅಂತಾರೆ.

ಉತ್ತರ 1
ಧೈರ್ಯವಾಗಿರಿ ಅಮ್ಮಾ, ನಾನು ಇಎನ್‌ಟಿ ಡಾಕ್ಟರ್. ಅದು ಬಾಯಿಂದ ಇಳಿದು ಬಂದದ್ದಲ್ಲ. ಮಗು ಗರ್ಭದಲ್ಲಿರುವಾಗ ಕತ್ತಿನ ಜಾಗದಲ್ಲಿ ಸೀಳುಗಳಿರುತ್ತವೆ, ಆಮೇಲೆ ಮುಚ್ಚಿಹೋಗುತ್ತವೆ, ಸರಿಯಾಗಿ ಮುಚ್ಚದ ಕಡೆ ಉಳಿದ ಜೀವಕೋಶಗಳೇ ಜೊಲ್ಲು ಗ್ರಂಥಿಯಾಗಿ ಬೆಳೆಯುತ್ತವೆ ಅಂತ ಹೆಚ್ಚಿನವರು ಹೇಳುತ್ತಾರೆ. ಬಲಗಡೆಯೇ ಜಾಸ್ತಿ. ತಿನ್ನುವಾಗ ಜಿನುಗುವುದು ದೊಡ್ಡ ಸುಳಿವು. ಆದರೆ ಗ್ರಂಥಿಯಿಲ್ಲದೆ ಬರೀ ಸೀಳು ಉಳಿದಿದ್ದರೂ ನೋಡಲು ಹೀಗೇ ಇರುತ್ತದೆ, ಅದಕ್ಕೇ ಸ್ಕ್ಯಾನ್ ಬೇಕು. ತೆಗೆದದ್ದನ್ನು ಬಯಾಪ್ಸಿ ಮಾಡಿದ ಮೇಲೇ ಖಚಿತ. ಕ್ಯಾನ್ಸರ್ ಆಗುವುದು ತೀರಾ ಅಪರೂಪ. ಹಿಚುಕಬೇಡಿ, ಅರಿಶಿನ ಬೇಡವೇ ಬೇಡ, ಸೋಂಕಾದರೆ ಆಪರೇಷನ್ ಕಷ್ಟವಾಗುತ್ತದೆ. ತೂತಿನಿಂದ ಒಳಗಿನ ಗ್ರಂಥಿವರೆಗೆ ಕೊಳವೆ ಸಮೇತ ಪೂರ್ತಿ ತೆಗೆಯಬೇಕು. ಸ್ವಲ್ಪ ಉಳಿದರೂ ಮತ್ತೆ ಬರಬಹುದು.

ಉತ್ತರ 2
ಡಾಕ್ಟರು ಹೇಳಿದ್ದು ಕತ್ತಿನದಕ್ಕೆ ಸರಿ, ಎಲ್ಲ ಕಡೆಯೂ ತೆಗೆಯಲು ಆಗುವುದಿಲ್ಲ. ನನ್ನ ತಮ್ಮನಿಗೆ ಇದೇ ಅಂಗಾಂಶ ನಡುಗಿವಿಯಲ್ಲಿತ್ತು. ಚಿಕ್ಕಂದಿನಿಂದ ಒಂದು ಕಿವಿ ಮಂದ, ನಾವು ಅವನಿಗೆ ಗಮನವಿಲ್ಲ ಅಂತ ಬೈಯುತ್ತಿದ್ದೆವು, ಈಗಲೂ ನೆನೆದರೆ ಸಂಕಟವಾಗುತ್ತದೆ. ಮುಖದ ನರಕ್ಕೆ ಅಂಟಿಕೊಂಡಿದ್ದರಿಂದ ಚೂರು ತೆಗೆದು ಬಯಾಪ್ಸಿ ಮಾಡಿ ಉಳಿದದ್ದನ್ನು ಹಾಗೇ ಬಿಟ್ಟರು. ನರಕ್ಕೆ ಪೆಟ್ಟಾದರೆ ಮುಖ ಸೊಟ್ಟಗಾಗುತ್ತದೆ ಅಲ್ವಾ. ಈಗ ಶ್ರವಣಯಂತ್ರ ಹಾಕಿಕೊಂಡು ಚೆನ್ನಾಗಿದ್ದಾನೆ.

ಉತ್ತರ 3
ದಂತವೈದ್ಯೆ ನಾನು. ದವಡೆಯಲ್ಲೂ ಇದಕ್ಕೆ ಹತ್ತಿರದ್ದೊಂದಿದೆ. ಕೆಳದವಡೆಯ ಒಳಮೈಯಲ್ಲಿ ಗುಳಿ ಬಿದ್ದು, ಹೆಚ್ಚಿನ ಸಲ ಅದರೊಳಗೆ ಜೊಲ್ಲು ಗ್ರಂಥಿ ಕೂತಿರುತ್ತದೆ. 1942ರಲ್ಲಿ ಸ್ಟಾಫ್ನೆ ಅನ್ನುವವರು ಇಂಥ 35 ಪ್ರಕರಣ ವಿವರಿಸಿದರು, ಅವರದೇ ಹೆಸರು ಉಳಿಯಿತು. ಎಕ್ಸ್‌ರೇಯಲ್ಲಿ ಕಪ್ಪು ಗುಂಡಿ ಕಂಡು ಜನ ಹೆದರುತ್ತಾರೆ, ಸಾಮಾನ್ಯವಾಗಿ ಏನೂ ಮಾಡಬೇಕಿಲ್ಲ. ನಿಮಗೊಂದು ಮಾತು: ಮಗು ಉಪ್ಪಿನಕಾಯಿ ನೆಕ್ಕುವಾಗ ಕತ್ತಿನ ವಿಡಿಯೊ ಮಾಡಿ ಸರ್ಜನ್‌ಗೆ ತೋರಿಸಿ. ಆಸ್ಪತ್ರೆಯಲ್ಲಿ ಆ ಹೊತ್ತಿಗೆ ಸರಿಯಾಗಿ ಜಿನುಗುವುದಿಲ್ಲ.

ಪ್ರಶ್ನೆ ಕೇಳಿದವರು
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅತ್ತೆಗೂ ಓದಿ ಹೇಳಿದೆ, ಅರಿಶಿನ ಬಿಟ್ಟರು. ವಿಡಿಯೊ ಮಾಡಿದ್ದೇನೆ, ಸೋಮವಾರ ಸ್ಕ್ಯಾನ್.