ಸಹಾಯ ಬೇಕು: 25 ಜಿಬಿ ಬ್ಲೂ-ರೇಯಲ್ಲಿ 768 ಮೆಬಿಬೈಟ್ ಜಾಗ ಕಡಿಮೆ, ಸ್ಪೇರ್ ಏರಿಯಾ (ಮೀಸಲು ಜಾಗ) ತೆಗೆಯಬಹುದಾ?

ಒಂದೇ ಪದರದ ಬಿಡಿ-ಆರ್‌ಗೆ (ಒಮ್ಮೆ ಮಾತ್ರ ಬರೆಯಬಹುದಾದ ಬ್ಲೂ-ರೇ ಡಿಸ್ಕ್) ಬರೆಯಬೇಕಾದ ಐಎಸ್ಒ, ಅಂದ್ರೆ ಡಿಸ್ಕ್ ಇಮೇಜ್ ಫೈಲ್, 24,47,36,00,000 ಬೈಟ್, ಅಂದ್ರೆ 2048 ಬೈಟ್‌ನ 1,19,50,000 ಸೆಕ್ಟರ್.

25 ಜಿಬಿ ಡಿಸ್ಕನ್ನು ವಿಂಡೋಸ್ 23.3 ಅಂತ ತೋರಿಸೋದು ಬರೀ 1000-1024ರ ಲೆಕ್ಕದ ವ್ಯತ್ಯಾಸ, ಅದು ಗೊತ್ತು. ತಕರಾರು ಅದಲ್ಲ. ಖಾಲಿ ಡಿಸ್ಕಿನಲ್ಲಿ 1,22,19,392 ಸೆಕ್ಟರ್ ಇದೆ, ಇಮೇಜ್ ಆರಾಮಾಗಿ ಹಿಡಿಯಬೇಕು. ಆದರೆ ಡಿಸ್ಕಿಗೆ ಬರೆಯೋ ಪ್ರೋಗ್ರಾಂ ಗ್ರೋಐಸೋಎಫ್ಎಸ್ ಬರೆಯೋ ಮುಂಚೆ ತಾನಾಗೇ ಫಾರ್ಮ್ಯಾಟ್ ಮಾಡುತ್ತೆ. ಆಮೇಲೆ ಉಳಿಯೋದು 1,18,26,176. ಹೋದ 3,93,216 ಸೆಕ್ಟರ್ ಕರಾರುವಾಕ್ಕಾಗಿ 768 ಮೆಬಿಬೈಟ್ (ಒಂದು ಮೆಬಿಬೈಟ್ ಅಂದ್ರೆ 1024×1024 ಬೈಟ್), ಕೆಟ್ಟ ಸೆಕ್ಟರ್‌ಗಳಿಗೆ ಬದಲಿಯಾಗಿ ಮೀಸಲಿಟ್ಟ ಸ್ಪೇರ್ ಏರಿಯಾ. ಹಾಗಾಗಿ ಸುಮಾರು 242 ಮೆಬಿಬೈಟ್ ಸಾಲದೆ ಬರುತ್ತೆ.

ಫಾರ್ಮ್ಯಾಟ್ ಮಾಡಿದ ಡಿಸ್ಕಿಗೆ ಬೇರೆ ಸಾಫ್ಟ್‌ವೇರಿಂದ ಬರೆದರೂ ಅದೇ ಕಥೆ. ಒಮ್ಮೆ ಬರೆಯುವ ಡಿಸ್ಕ್ ಆದ್ದರಿಂದ ಫಾರ್ಮ್ಯಾಟ್ ವಾಪಸ್ ಆಗಲ್ಲ. ಇಮೇಜ್ ಒಡೆಯೋ ಹಾಗಿಲ್ಲ, ಚೆಕ್‌ಸಮ್ (ಫೈಲ್ ಸರಿಯಿದೆಯಾ ಅಂತ ತಾಳೆ ನೋಡೋ ಸಂಖ್ಯೆ) ಇಡೀ ಫೈಲಿನದು. 50 ಜಿಬಿ ಡಿಸ್ಕ್ ಇಷ್ಟಕ್ಕೆ ದಂಡ.

ಉಳಿದಿರೋದು ಎರಡು ದಾರಿ. ಒಂದು, ಗ್ರೋಐಸೋಎಫ್ಎಸ್‌ಗೆ 'ಸ್ಪೇರ್:ನನ್' ಆಯ್ಕೆ ಕೊಟ್ಟು ಮೀಸಲು ಪೂರ್ತಿ ತೆಗೆಯೋದು. ಬರೆಯುವಾಗಲೇ ಪರಿಶೀಲನೆ ಇರಲ್ಲ, ವೇಗ ಹೆಚ್ಚುತ್ತೆ. ಆದರೆ ಒಂದು ಸೆಕ್ಟರ್ ಕೆಟ್ಟರೂ ಡಿಸ್ಕ್ ಕಸಕ್ಕೆ. ಇನ್ನೊಂದು, ಡಿವಿಡಿ+ಆರ್‌ಡಬ್ಲ್ಯೂ-ಫಾರ್ಮ್ಯಾಟ್ ಅನ್ನೋ ಫಾರ್ಮ್ಯಾಟ್ ಪ್ರೋಗ್ರಾಂನ 'ಎಸ್ಎಸ್ಎ' ಆಯ್ಕೆಯಲ್ಲಿ ಮೀಸಲನ್ನು 256 ಮೆಬಿಬೈಟ್‌ಗೆ ಇಳಿಸೋದು. ಲೆಕ್ಕದಲ್ಲಿ ಹಿಡಿಯುತ್ತೆ.

ಪ್ರಶ್ನೆ ಇಷ್ಟೇ: ಬಿಡಿ-ಆರ್‌ನಲ್ಲಿ 256 ಕೊಟ್ಟರೆ ಡ್ರೈವ್ ಅದನ್ನೇ ಒಪ್ಪುತ್ತಾ, ಅಥವಾ ತನಗೆ ಬೇಕಾದ ಅಳತೆಗೆ ಏರಿಸಿಬಿಡುತ್ತಾ? ಒಪ್ಪಲ್ಲ ಅಂದ್ರೆ, ಸ್ಪೇರ್ ಇಲ್ಲದೆ ಬರೆದು ಆಮೇಲೆ ಪೂರ್ತಿ ಓದಿ ಚೆಕ್‌ಸಮ್ ತಾಳೆ ನೋಡಿದರೆ ದೀರ್ಘಕಾಲದ ಬ್ಯಾಕಪ್‌ಗೆ ಸಾಕಾ? ಮಾಡಿ ನೋಡಿದವರು ಹೇಳಿ.