ನಿಖರ ಗುರಿಯ ಅರೆ-ಸ್ವಯಂಚಾಲಿತ ರೈಫಲ್: ಹಣ ಮೊದಲು ಬಂದೂಕಿಗೋ, ಅಭ್ಯಾಸಕ್ಕೋ?

ಪ್ರಶ್ನೆ (ಕ್ಲೀವ್‌ಲ್ಯಾಂಡ್‌ನಿಂದ)

ಎಲ್ಲರಿಗೂ ನಮಸ್ಕಾರ. ಗ್ರೀನ್ ಕಾರ್ಡ್ ಬಂದ ಮೇಲೆ ನಾನು ಇಲ್ಲಿನ ಕ್ಲಬ್ಬೊಂದಕ್ಕೆ ಸೇರಿ ಗುರಿ ಹೊಡೆಯುವುದನ್ನು ಕಲಿಯುತ್ತಿದ್ದೇನೆ. ಈರಿ ಸರೋವರದ ದಡದ ಕ್ಯಾಂಪ್ ಪೆರಿಯಲ್ಲಿ 1907ರಲ್ಲಿ ಮೊದಲಾದ ರಾಷ್ಟ್ರೀಯ ಸ್ಪರ್ಧೆಗಳ ಸರ್ವಿಸ್ ರೈಫಲ್ (ಸೇನೆಯ ರೈಫಲ್ಲಿನ ಮಾದರಿಯವು) ವಿಭಾಗದಲ್ಲಿ ಮುಂದೊಮ್ಮೆ ಭಾಗವಹಿಸಬೇಕೆಂಬ ಆಸೆಯಿದ್ದು, ಅದಕ್ಕಾಗಿ ಎಆರ್-15 ಮಾದರಿಯ ಅರೆ-ಸ್ವಯಂಚಾಲಿತ ರೈಫಲ್ಲೊಂದನ್ನು ಒಂದೊಂದೇ ಭಾಗ ಕೊಂಡು ಸಿದ್ಧಪಡಿಸಿಕೊಳ್ಳಬೇಕೆಂದಿದ್ದೇನೆ. ಕೈಯಲ್ಲಿರುವ ಹಣ ಅಷ್ಟಕ್ಕಷ್ಟೇ. ಬ್ಯಾರೆಲ್ (ನಳಿಕೆ), ಟ್ರಿಗರ್, ಸ್ಕೋಪ್ (ಗುರಿ ನೋಡುವ ದೂರದರ್ಶಕ)ಗಳಲ್ಲಿ ಯಾವುದಕ್ಕೆ ಮೊದಲು ಕೈಹಾಕಲಿ? ಕೈ ಇನ್ನೂ ಪಳಗದಿರುವಾಗ ದುಬಾರಿ ರೈಫಲ್ ಮಾಡಿಸಿಕೊಳ್ಳುವುದರಲ್ಲಿ ಅರ್ಥವಿದೆಯೇ?

ಉತ್ತರ (ಟೆಕ್ಸಾಸ್‌ನಿಂದ)

ಗ್ರೀನ್ ಕಾರ್ಡ್ ವಿಷಯವನ್ನು ನೀವೇ ಹೇಳಿದ್ದು ಒಳ್ಳೆಯದಾಯಿತು. ಎಚ್-1ಬಿಯಂತಹ ತಾತ್ಕಾಲಿಕ ಉದ್ಯೋಗ ವೀಸಾದಲ್ಲಿರುವವರಿಗೆ, ಬೇಟೆಯ ಪರವಾನಗಿಯಂತಹ ಕೆಲವು ವಿನಾಯಿತಿಗಳ ಹೊರತು, ಇಲ್ಲಿನ ಫೆಡರಲ್ ಕಾನೂನು ಬಂದೂಕು ಇಟ್ಟುಕೊಳ್ಳಲು ಬಿಡುವುದಿಲ್ಲ. ಇನ್ನು ಎಆರ್-15ರಲ್ಲಿ ಕಾನೂನಿನ ಕಣ್ಣಿಗೆ ಬಂದೂಕೆನಿಸುವುದು ಕ್ರಮಸಂಖ್ಯೆ ಇರುವ ಕೆಳಭಾಗ, ಅಂದರೆ ಲೋವರ್ ರಿಸೀವರ್. ಅದನ್ನು ಪರವಾನಗಿಯುಳ್ಳ ಅಂಗಡಿಯಿಂದಲೇ, ಬಂದೂಕು ಕೊಳ್ಳುವವರು ತುಂಬಬೇಕಾದ 4473 ಎಂಬ ಫೆಡರಲ್ ನಮೂನೆ ತುಂಬಿ ಕೊಳ್ಳಿ.

ಈಗ ಮೂಲ ಪ್ರಶ್ನೆಗೆ ಬರೋಣ. 200 ಗಜದ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ಅಗಲ 7 ಇಂಚು. ಸಾಧಾರಣವಾಗಿ ಒಳ್ಳೆಯದೆನಿಸುವ ಬ್ಯಾರೆಲ್ ಮತ್ತು ಸ್ಪರ್ಧಾ ಗುಣಮಟ್ಟದ ತೋಟಾಗಳು ಜೊತೆಯಾದರೆ ಅಷ್ಟು ದೂರದಲ್ಲಿ ಗುಂಡುಗಳು ಎರಡು ಇಂಚಿನೊಳಗೆ ಬೀಳುತ್ತವೆ. ನಿಂತು ಹೊಡೆಯುವಾಗ ಎಂಟರ ವೃತ್ತಕ್ಕೆ ಹೋದ ಗುಂಡಿಗೆ ರೈಫಲ್ಲನ್ನು ದೂರುವಂತಿಲ್ಲ ಎಂದಾಯಿತು. ಆದ್ದರಿಂದ ಹಣವನ್ನು ಮೊದಲು ಬ್ಯಾರೆಲ್‌ಗೆ ಹಾಕಿ: 20 ಇಂಚು ಉದ್ದದ್ದು, 77 ಗ್ರೇನ್ (ಸುಮಾರು 5 ಗ್ರಾಂ) ತೂಕದ ಗುಂಡನ್ನು ಸ್ಥಿರವಾಗಿ ಕಳಿಸಲು ಒಳಗಿನ ಸುರುಳಿ ಗೆರೆಗಳಿಗೆ ಏಳು ಅಥವಾ ಎಂಟು ಇಂಚಿಗೊಂದು ಸುತ್ತು ತಿರುಪು ಇರುವಂಥದ್ದು. ಅದರ ಜೊತೆಗೆ, ಬ್ಯಾರೆಲ್‌ಗೆ ತಾಗದಂತೆ ಸುತ್ತ ನಿಲ್ಲುವ ಫ್ರೀ-ಫ್ಲೋಟ್ ಕೊಳವೆ ಇರಲೇಬೇಕು. ಇಲ್ಲದಿದ್ದರೆ ಮಲಗಿ ಹೊಡೆಯುವಾಗ ತೋಳಿಗೆ ಬಿಗಿದ ಪಟ್ಟಿಯ ಸೆಳೆತವೇ ಬ್ಯಾರೆಲ್ಲನ್ನು ಬಾಗಿಸಿ ಗುಂಡು ಬೀಳುವ ಜಾಗವನ್ನು ಬದಲಿಸುತ್ತದೆ. ಸ್ಕೋಪ್ ಗುರಿಯನ್ನು ದೊಡ್ಡದಾಗಿ ತೋರಿಸಲು ನಿಯಮದ ಮಿತಿ 4.5 ಪಟ್ಟು ಮಾತ್ರ, ಅಲ್ಲಿ ಅತಿಯಾಗಿ ಖರ್ಚು ಮಾಡಬೇಡಿ. ಉಳಿದದ್ದೆಲ್ಲ ತೋಟಾಗಳಿಗೆ.

ಉತ್ತರ (ಬೆಂಗಳೂರಿನಿಂದ)

ನಾನು ಕಲಿಸುವುದು 10 ಮೀಟರ್ ಏರ್ ರೈಫಲ್. ಅರೆ-ಸ್ವಯಂಚಾಲಿತ ರೈಫಲ್ ನಮ್ಮ ರೇಂಜಿನಲ್ಲಿ ಇಲ್ಲ. ಆದರೂ ನಿಂತು ಹೊಡೆಯುವ ಭಂಗಿಯ ವಿಷಯದಲ್ಲಿ ಎರಡಕ್ಕೂ ನೆಂಟಸ್ತನವಿದೆ. ಎಡ ಮೊಣಕೈಯನ್ನು ಸೊಂಟದ ಮೂಳೆಯ ಮೇಲೆ ಊರಿ, ರೈಫಲ್ಲಿನ ಭಾರವನ್ನು ಸ್ನಾಯುಗಳಿಗೆ ಹೊರಿಸದೆ ಮೂಳೆಗಳ ಮೇಲೆ ಇಳಿಸುವುದನ್ನು ಮೊದಲು ರೂಢಿಸಿಕೊಳ್ಳಿ. ಕಣ್ಣು ಮುಚ್ಚಿ ಒಂದೆರಡು ಉಸಿರು ಬಿಟ್ಟು ತೆರೆದಾಗ ನಳಿಕೆ ಗುರಿಯ ಪಕ್ಕಕ್ಕೆ ಸರಿದಿದ್ದರೆ ಕೈಯಿಂದ ಎಳೆದು ತರಬೇಡಿ, ಪಾದವನ್ನು ಸರಿಸಿ. ತೋಟಾಗಳನ್ನು ಬೇರೆ ಕೋಣೆಯಲ್ಲಿಟ್ಟು, ರೈಫಲ್ ಖಾಲಿಯಿದೆಯೆಂದು ಖಚಿತಪಡಿಸಿಕೊಂಡು, ಮನೆಯಲ್ಲೇ ಟ್ರಿಗರ್ ಒತ್ತುವ ಒಣ ಅಭ್ಯಾಸ ಮಾಡಿದರೆ ಕಾಸಿನ ಖರ್ಚಿಲ್ಲ.

ಮೇಲಿನವರ ಒಂದು ಮಾತಿಗೆ ಮಾತ್ರ ನನ್ನ ಭಿನ್ನಾಭಿಪ್ರಾಯವಿದೆ: ಅವರು ಟ್ರಿಗರನ್ನು ಬಿಟ್ಟೇಬಿಟ್ಟರು. ಸರ್ವಿಸ್ ರೈಫಲ್ಲಿನಲ್ಲಿ ಅದು ಕನಿಷ್ಠ 4.5 ಪೌಂಡ್, ಅಂದರೆ ಸುಮಾರು ಎರಡು ಕಿಲೋ ಒತ್ತಡವನ್ನು ಕೇಳುತ್ತದೆಂದು ಬಲ್ಲೆ. ಅಷ್ಟು ಭಾರದ ಟ್ರಿಗರ್ ಒರಟಾಗಿಯೂ ಇದ್ದರೆ ಕಲಿಯುವವನಿಗೆ ತನ್ನ ಬೆರಳಿನ ತಪ್ಪು ಯಾವುದು, ಯಂತ್ರದ ತಪ್ಪು ಯಾವುದು ಎಂದೇ ಗೊತ್ತಾಗುವುದಿಲ್ಲ.

ಪ್ರಶ್ನಿಸಿದವರು

ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಬ್ಯಾರೆಲ್, ಟ್ರಿಗರ್ ಎರಡನ್ನೂ ಮೊದಲು ಕೊಂಡು, ಸದ್ಯಕ್ಕೆ ಸಾಧಾರಣ ಸ್ಕೋಪ್ ಇಟ್ಟುಕೊಳ್ಳುತ್ತೇನೆ. 600 ಗಜಕ್ಕೆ 80 ಗ್ರೇನ್ ಗುಂಡೇ ಬೇಕೆಂದು ಕ್ಲಬ್ಬಿನಲ್ಲಿ ಹಿರಿಯರೊಬ್ಬರು ಹೇಳಿದರು, ಅದು ಈಗಲೇ ಅಗತ್ಯವೇ?

ಉತ್ತರ (ಟೆಕ್ಸಾಸ್‌ನಿಂದ)

ಟ್ರಿಗರ್ ವಿಷಯದಲ್ಲಿ ಬೆಂಗಳೂರಿನವರ ಮಾತನ್ನು ಒಪ್ಪುತ್ತೇನೆ. 80 ಗ್ರೇನ್ ಗುಂಡಿನ ತೋಟಾ ಸಾಮಾನ್ಯವಾಗಿ ಮ್ಯಾಗಜೀನ್‌ನಲ್ಲಿ ಹಿಡಿಸದಷ್ಟು ಉದ್ದವಿರುವುದರಿಂದ ಒಂದೊಂದನ್ನೇ ಕೈಯಿಂದ ತುಂಬಬೇಕು. 600 ಗಜದಲ್ಲಿ 20 ಗುಂಡಿಗೆ 20 ನಿಮಿಷ ಸಿಗುವುದರಿಂದ ಅದು ತೊಂದರೆಯೇನಲ್ಲ. ಆದರೆ ಗಂಟೆಗೆ ಹತ್ತು ಮೈಲಿ ವೇಗದ ಅಡ್ಡಗಾಳಿ ಅಷ್ಟು ದೂರದಲ್ಲಿ 77 ಗ್ರೇನ್ ಗುಂಡನ್ನು ಮೂರು ಅಡಿಯ ಆಸುಪಾಸು ಪಕ್ಕಕ್ಕೆ ತಳ್ಳುತ್ತದೆ. ಮೂರು ಗ್ರೇನ್ ಹೆಚ್ಚಿಸಿದರೆ ಅದು ಕಡಿಮೆಯಾಗುವುದು ಸ್ವಲ್ಪವೇ. ಈ ವರ್ಷ 77ರಲ್ಲೇ ಹೊಡೆಯುತ್ತ, ಪ್ರತಿ ಗುಂಡಿಗೂ ಗಾಳಿಯನ್ನು ಎಷ್ಟೆಂದು ಅಂದಾಜಿಸಿದಿರಿ, ಗುಂಡು ಎಲ್ಲಿ ಬಿತ್ತು ಎಂದು ಪುಸ್ತಕದಲ್ಲಿ ಬರೆದಿಡಿ. ಆ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಾಳಿ ಓದುವುದನ್ನು ಕೇಳಿ ಕಲಿಯಿರಿ. ಗುಂಡು ಬದಲಿಸುವ ಮಾತನ್ನು ಈ ಬ್ಯಾರೆಲ್ ಸವೆದು ಮುಂದಿನದನ್ನು ಕೊಳ್ಳುವ ಹೊತ್ತಿಗೆ ನೋಡೋಣ.