ಅಪ್ಪ ಅಮ್ಮನ ಜೊತೆ ಮೂರು ರಾತ್ರಿ: ಕಾಟ್ಸ್‌ವೋಲ್ಡ್ಸಾ, ಲೇಕ್ ಡಿಸ್ಟ್ರಿಕ್ಟಾ?

ಸಾಗರದ_ಹುಡುಗಿ

ಎಲ್ಲರಿಗೂ ನಮಸ್ಕಾರ. ನಾವಿರೋದು ಇಂಗ್ಲೆಂಡಲ್ಲಿ, ಲಂಡನ್ ಹತ್ರದ ರೆಡಿಂಗಲ್ಲಿ. ಅಪ್ಪ ಅಮ್ಮ ಮೊದಲನೇ ಸಲ ಬರ್ತಿದಾರೆ, ಮೇ ಮಧ್ಯದಿಂದ ಆರು ವಾರ ಇರ್ತಾರೆ. ಲಂಡನ್ ಹೇಗೂ ಒಂದೊಂದು ವೀಕೆಂಡಲ್ಲಿ ತೋರಿಸ್ಬಹುದು, ಆದ್ರೆ ಇಲ್ಲಿನ ಹಳ್ಳಿ ಕಡೆ ಒಂದ್ಸಲ ಕರ್ಕೊಂಡು ಹೋಗ್ಲೇಬೇಕು ಅಂತ ನನ್ನಾಸೆ, ಯಾಕಂದ್ರೆ ಅಪ್ಪ ಜೀವನ ಪೂರ್ತಿ ಅಡಿಕೆ ತೋಟ ನೋಡ್ಕೊಂಡವರು, ಮ್ಯೂಸಿಯಂ ಅರಮನೆ ಅಂದ್ರೆ ಅವರಿಗೆ ಅರ್ಧ ದಿನಕ್ಕೇ ಸಾಕಾಗತ್ತೆ. ಮೇ ಕೊನೇ ಸೋಮವಾರದ ಬ್ಯಾಂಕ್ ಹಾಲಿಡೇ ಸೇರಿಸಿದ್ರೆ ನಮ್ಮಿಬ್ಬರಿಗೂ ಒಟ್ಟಿಗೆ ಮೂರು ರಾತ್ರಿ ಸಿಗತ್ತೆ, ಅಷ್ಟೇ.

ನಮ್ಮನೇವ್ರು ಕಾಟ್ಸ್‌ವೋಲ್ಡ್ಸ್ ಅಂತಾರೆ, ಹತ್ರ ಇದೆ, ಅಮ್ಮನಿಗೆ ಮಂಡಿ ನೋವು, ಸಮತಟ್ಟಾಗಿ ಓಡಾಡ್ಬಹುದು ಅಂತ. ನನಗೆ ಉತ್ತರದ ಕಡೆ ಗುಡ್ಡ, ಕೆರೆ ಇರೋ ಲೇಕ್ ಡಿಸ್ಟ್ರಿಕ್ಟ್ ಮೇಲೆ ಮನಸ್ಸು. ಆದ್ರೆ ಹುಟ್ಟಿದಾಗಿಂದ ಗುಡ್ಡ, ಮಳೆ, ಹಿನ್ನೀರು ನೋಡ್ಕೊಂಡೇ ಬೆಳೆದವರನ್ನ ಮತ್ತೆ ಗುಡ್ಡ ಮಳೆ ನೀರು ನೋಡೋಕೆ ಐದು ಗಂಟೆ ಕಾರಲ್ಲಿ ಕೂರಿಸ್ಬೇಕಾ ಅನ್ನೋ ಪ್ರಶ್ನೆ ಒಂದು ಕಾಡ್ತಿದೆ. ಇಬ್ಬರೂ ಮೊಟ್ಟೆ ಸಹ ತಿನ್ನಲ್ಲ. ಅಪ್ಪ ಅಮ್ಮನ್ನ ಕರ್ಕೊಂಡು ಹೋಗಿ ಬಂದವರು ದಯವಿಟ್ಟು ಹೇಳಿ.

ಸ್ವಿಂಡನ್_ಮೈಸೂರಿನವ

ನಿಮ್ಮೆಜಮಾನ್ರ ಕಡೆ ನನ್ನ ವೋಟು ಮೇಡಂ. ಹೋದ ವರ್ಷ ನಮ್ಮ ಅತ್ತೆ ಮಾವನ್ನ ಮೂರು ಸಲ ಕರ್ಕೊಂಡು ಹೋಗಿದೀನಿ. ನಿಮ್ಮನೆಯಿಂದ ಬೌರ್ಟನ್ ಆನ್ ದ ವಾಟರ್‌ಗೆ ಹೆಚ್ಚಂದ್ರೆ ಒಂದೂವರೆ ಗಂಟೆ. ವಿಂಡ್‌ರಶ್ ಅಂತ ಪುಟ್ಟ ಹೊಳೆ, ಮಂಡಿ ಆಳ ಕೂಡ ಇರಲ್ಲ, ಊರ ಮಧ್ಯದಲ್ಲೇ ಹರಿಯತ್ತೆ, ಅದರ ಮೇಲೆ ಕಲ್ಲಿನ ಗಿಡ್ಡ ಸೇತುವೆಗಳು, ಪಕ್ಕದಲ್ಲೇ ಬೆಂಚು. ನಿಮ್ಮ ತಾಯಿಯವರು ಒಂದು ಹೆಜ್ಜೆನೂ ಹತ್ತೋದು ಬೇಡ.

ಮನೆಗಳೆಲ್ಲ ಅಲ್ಲಿನ ಸುಣ್ಣಕಲ್ಲಲ್ಲೇ ಕಟ್ಟಿರೋದು, ಸಂಜೆ ಬಿಸಿಲು ಬಿದ್ರೆ ಪೂರ್ತಿ ಬೀದಿ ಜೇನುತುಪ್ಪದ ಬಣ್ಣಕ್ಕೆ ತಿರುಗತ್ತೆ. ಚಿಪ್ಪಿಂಗ್ ಕ್ಯಾಂಪ್ಡನ್ನಲ್ಲಿ 1627ರಲ್ಲಿ ಕಟ್ಟಿದ ಸಂತೆ ಮಂಟಪ ಇನ್ನೂ ಹಾಗೇ ನಿಂತಿದೆ, ಒಳಗಿನ ನೆಲದ ಕಲ್ಲು ಜನ ಓಡಾಡಿ ಓಡಾಡಿ ಸವೆದಿರೋದನ್ನ ನಮ್ಮ ಮಾವ ಕೈಯಲ್ಲಿ ಮುಟ್ಟಿ ನೋಡಿದ್ರು. ಈ ಸಣ್ಣ ಸಣ್ಣ ಊರುಗಳಲ್ಲಿ ಅಷ್ಟು ದೊಡ್ಡ ದೊಡ್ಡ ಚರ್ಚ್ ಹೇಗೆ ಬಂತು ಅಂತ ಕೇಳಿದ್ರು, ಎಲ್ಲಾ ಕುರಿ ಉಣ್ಣೆಯ ದುಡ್ಡು, ಉಣ್ಣೆ ವ್ಯಾಪಾರಿಗಳು ಕಟ್ಟಿಸಿದ್ದು. ತೋಟ ಮಾಡಿದವರಿಗೆ ಈ ಥರದ ವಿಷಯ ಚೆನ್ನಾಗಿ ಹಿಡಿಸತ್ತೆ.

ಬೈಬರಿಗೆ ಹೋಗೋದಾದ್ರೆ ಬೆಳಿಗ್ಗೆ ಒಂಬತ್ತರ ಒಳಗೆ ಇರಿ. ಅಲ್ಲಿನ ಆರ್ಲಿಂಗ್ಟನ್ ರೋ ಅನ್ನೋ ಮನೆಸಾಲು 14ನೇ ಶತಮಾನದಲ್ಲಿ ಉಣ್ಣೆ ಗೋದಾಮಾಗಿತ್ತು, ಆಮೇಲೆ ನೇಕಾರರ ಮನೆ ಆಯ್ತು, ಈಗಲೂ ಜನ ವಾಸ ಇದಾರೆ, ಹತ್ತು ಗಂಟೆ ಆದ್ಮೇಲೆ ಪ್ರವಾಸಿಗರು ತುಂಬಿ ಅವರ ಬಾಗಿಲ ಮುಂದೆ ಕಾಲಿಡೋಕೆ ಜಾಗ ಇರಲ್ಲ, ಆ ಜನರನ್ನ ನೋಡಿದ್ರೆ ಬೇಜಾರಾಗತ್ತೆ. ಅದಕ್ಕಿಂತ ಲೋವರ್ ಸ್ಲಾಟರಿಂದ ಅಪ್ಪರ್ ಸ್ಲಾಟರಿಗೆ ಹೊಲದ ಮಧ್ಯೆ ಒಂದು ಮೈಲಿ ದಾರಿ ಇದೆ, ಅದು ನನಗೆ ಇಡೀ ಕಾಟ್ಸ್‌ವೋಲ್ಡ್ಸಲ್ಲೇ ಇಷ್ಟವಾದ ಜಾಗ.

ಮ್ಯಾಂಚೆಸ್ಟರ್_ಹೊಸನಗರ

ಮೇಲಿನವರು ಹೇಳಿದ್ದೆಲ್ಲ ನಿಜ ಅಕ್ಕಾ, ಅದನ್ನೇ ಹಿಡ್ಕೊಂಡು ನಾನು ಉಲ್ಟಾ ಹೇಳ್ತೀನಿ. ಒಂದೂವರೆ ಗಂಟೆಯ ದಾರಿ ಆದ್ರೆ ಅದಕ್ಕೆ ರಾತ್ರಿ ಉಳಿಯೋದು ಯಾಕೆ? ಒಂದು ಮಂಗಳವಾರ ರಜ ಹಾಕಿ ಬೆಳಿಗ್ಗೆ ಬೇಗ ಹೊರಟು ರಾತ್ರಿ ಊಟಕ್ಕೆ ಮನೆಗೆ ಬರ್ಬಹುದು, ಕಾರು ಬೇಡ ಅಂದ್ರೂ ರೆಡಿಂಗಿಂದ ಮೊರ್ಟನ್ ಇನ್ ಮಾರ್ಷ್‌ಗೆ ನೇರ ಟ್ರೇನಿದೆ, ಅಲ್ಲಿಂದ 801 ಬಸ್ಸು ಸ್ಟೋಗೆ, ಬೌರ್ಟನ್‌ಗೆ ಹೋಗತ್ತೆ. ಆರು ವಾರದಲ್ಲಿ ಎರಡು ಸಲ ಬೇಕಾದ್ರೂ ಹೋಗಿ. ಕೈಲಿರೋ ಮೂರು ರಾತ್ರಿನ ದೂರದ ಲೇಕ್ ಡಿಸ್ಟ್ರಿಕ್ಟಿಗೇ ಖರ್ಚು ಮಾಡ್ಬೇಕು. ಎರಡೇ ರಾತ್ರಿ ಇದ್ದಿದ್ರೆ ನಾನೂ ಕಾಟ್ಸ್‌ವೋಲ್ಡ್ಸ್ ಅಂತಿದ್ದೆ.

ಇನ್ನು ಮಲೆನಾಡಿನವರಿಗೆ ಅದೇ ಗುಡ್ಡ ಅದೇ ಮಳೆ ಅನ್ನೋ ಮಾತು. ನಮ್ಮಪ್ಪ ಅಮ್ಮನೂ ಆ ಕಡೆಯವರೇ, ನನಗೂ ಇದೇ ಅನುಮಾನ ಇತ್ತು. ಅಲ್ಲಿ ಹೋಗಿ ನಿಂತ್ರೆ ಒಂದಕ್ಕೊಂದು ಸಂಬಂಧನೇ ಇಲ್ಲ. ಸ್ಕಾಫೆಲ್ ಪೈಕ್ ಇಡೀ ಇಂಗ್ಲೆಂಡಿಗೇ ಎತ್ತರ, ಅದು 978 ಮೀಟರ್, ನಮ್ಮ ಕೊಡಚಾದ್ರಿ 1343. ಆದ್ರೆ ಅಲ್ಲಿ ಗುಡ್ಡದ ಮೇಲೆ ಮರನೇ ಇಲ್ಲ, ನೂರಾರು ವರ್ಷ ಕುರಿ ಮೇಯ್ದು ಮೇಯ್ದು ಬರೀ ಹುಲ್ಲು, ಕಲ್ಲು, ಬುಡದಿಂದ ತುದಿ ತನಕ ಒಂದೇ ನೋಟಕ್ಕೆ ಕಾಣತ್ತೆ, ಅದಕ್ಕೇ ಅದು ಇನ್ನೂ ಎತ್ತರ ಅನ್ಸತ್ತೆ. ಗಾರೆ ಇಲ್ದೆ ಬರೀ ಕಲ್ಲು ಪೇರಿಸಿ ಕಟ್ಟಿದ ಪಾಗಾರ ಕಡಿದಾದ ಗುಡ್ಡದ ಮೇಲೂ ನೇರ ಹತ್ಕೊಂಡು ಹೋಗತ್ತೆ, ನಮ್ಮಪ್ಪ ಎರಡು ದಿನ ಅದನ್ನೇ ನೋಡ್ತಾ ಇದ್ರು, ಇಷ್ಟು ಕಲ್ಲು ಮೇಲಕ್ಕೆ ಹೊತ್ತೋರು ಯಾರು ಅಂತ. ಮಳೆನೂ ಬೇರೆ ಥರ. ಬಾರೋಡೇಲ್ ಕಣಿವೆಲಿ ಸೀತ್‌ವೇಟ್ ಅಂತ ಊರಿದೆ, ಇಂಗ್ಲೆಂಡಲ್ಲೇ ಅತಿ ಹೆಚ್ಚು ಮಳೆ ಬೀಳೋ ಊರು, ವರ್ಷಕ್ಕೆ ಸುಮಾರು 3500 ಮಿಲಿಮೀಟರ್, ಆಗುಂಬೆಯ ಅರ್ಧ. ಆದ್ರೆ ನಮ್ಮ ಥರ ಧೋ ಅಂತ ಸುರಿಯಲ್ಲ, ಗಾಳಿ ಜೊತೆ ಜಿಟಿಜಿಟಿ ಚಳಿ ಮಳೆ, ಅಪ್ಪ ಅಮ್ಮನಿಗೆ ಕೊಡೆ ಬೇಡ, ಟೋಪಿ ಇರೋ ರೇನ್‌ಕೋಟ್ ತೆಗೆದಿಡಿ.

ಈಗ ನಿಮ್ಮ ಹೆಸರಲ್ಲಿ ಸಾಗರ ಅಂತ ನೋಡಿದ್ಮೇಲೆ ಇದೊಂದು ಹೇಳ್ಲೇಬೇಕು. ಗ್ರಾಸ್ಮಿಯರಿಂದ ಕೆಸ್ವಿಕ್‌ಗೆ ಹೋಗೋ ದಾರಿಲಿ ಥರ್ಲ್‌ಮಿಯರ್ ಅಂತ ದೊಡ್ಡ ಕೆರೆ ಸಿಗತ್ತೆ, ಅದು ಹುಟ್ಟು ಕೆರೆ ಅಲ್ಲ, ಇದ್ದ ಸಣ್ಣ ಕೆರೆಗೆ ಅಣೆಕಟ್ಟು ಹಾಕಿ ಊರುಕೇರಿ ಮುಳುಗಿಸಿ 1894ರಿಂದ ಮ್ಯಾಂಚೆಸ್ಟರಿಗೆ ನೀರು ಕೊಡ್ತಿದಾರೆ, ಪಂಪ್ ಇಲ್ದೆ ನೂರು ಮೈಲಿ ಹತ್ರ ಹತ್ರ ಇಳಿಜಾರಲ್ಲೇ ಹರಿದು ಬರತ್ತೆ. ಅಂದ್ರೆ ನಾನು ದಿನಾ ಕುಡಿಯೋ ನೀರು. ಪೂರ್ವದ ಕಡೆ ಹಾಸ್‌ವಾಟರ್ ಅಂತ ಇನ್ನೊಂದಿದೆ, 1930ರ ದಶಕದಲ್ಲಿ ಅದರಲ್ಲಿ ಮಾರ್ಡೇಲ್ ಗ್ರೀನ್ ಅನ್ನೋ ಇಡೀ ಹಳ್ಳಿ ಹೋಯ್ತು, ಚರ್ಚ್ ಕೆಡವಿದ್ರು, ಸಮಾಧಿಗಳಲ್ಲಿ ಇದ್ದವರನ್ನ ತೆಗೆದು ಶ್ಯಾಪ್ ಅನ್ನೋ ಊರಿಗೆ ಸಾಗಿಸಿ ಮತ್ತೆ ಮಣ್ಣು ಮಾಡಿದ್ರು. ಮಳೆ ಕಮ್ಮಿಯಾದ ವರ್ಷ ಹಳೇ ಸೇತುವೆ, ಮನೆ ಗೋಡೆ ಮೇಲೆ ಬರತ್ತೆ, ನಮ್ಮಲ್ಲಿ ಲಿಂಗನಮಕ್ಕಿ ನೀರು ಇಳಿದಾಗ ಅದರಲ್ಲಿ ಮುಳುಗಿದ ಹಳೇ ಮಡೆನೂರು ಡ್ಯಾಂ ಕಾಣತ್ತಲ್ಲ ಹಾಗೆ. ನಾನು ಇದನ್ನ ಅಪ್ಪನಿಗೆ ಅಲ್ಲೇ ನಿಲ್ಲಿಸಿ ಹೇಳ್ದೆ. ತುಂಬಾ ಹೊತ್ತು ಮಾತಾಡ್ಲಿಲ್ಲ. ಆಮೇಲೆ, ಇಲ್ಲೂನಾ, ಅಂದ್ರು ಅಷ್ಟೇ.

ಕೆಂಡಲ್_ವಾಸಿ

ನಾನಿರೋದು ಲೇಕ್ ಡಿಸ್ಟ್ರಿಕ್ಟ್ ಪಕ್ಕದಲ್ಲೇ, ಹಾಗಾಗಿ ಮೊದಲು ತಾರೀಖಿನ ವಿಷಯ. ಆ ಬ್ಯಾಂಕ್ ಹಾಲಿಡೇ ವಾರನೇ ಶಾಲೆಗಳಿಗೆ ಹಾಫ್ ಟರ್ಮ್ ರಜೆ. ಕಾಟೇಜ್ ಬಾಡಿಗೆ ಏರಿರತ್ತೆ, ಶುಕ್ರವಾರ ಸಂಜೆ ಎಂ6 ಹೈವೇಲಿ ನಿಮ್ಮ ಐದು ಗಂಟೆ ಏಳಾಗತ್ತೆ. ರಜೆ ಬದಲಾಯಿಸೋಕೆ ಆದ್ರೆ ಜೂನ್ ಎರಡನೇ ವಾರ, ಸೋಮವಾರದಿಂದ ಗುರುವಾರ. ಆಗ ಇಲ್ಲಿ ಸೂರ್ಯ ಮುಳುಗೋದು ಒಂಬತ್ತೂಮುಕ್ಕಾಲರ ಹತ್ರ, ಬೆಳಿಗ್ಗೆ ಮಳೆ ಬಂದು ದಿನ ಹಾಳಾಯ್ತು ಅಂದ್ಕೊಂಡ್ರೂ ಸಂಜೆಗೆ ಇನ್ನೊಂದು ದಿನ ಇದ್ದ ಹಾಗೆ.

ಮಂಡಿ ನೋವಿಗೆ: ಬೋನೆಸ್‌ನಿಂದ ಆಂಬಲ್‌ಸೈಡ್‌ಗೆ ವಿಂಡರ್ಮಿಯರ್ ಕೆರೆ ಮೇಲೆ ಬೋಟಲ್ಲಿ ಅರ್ಧ ಗಂಟೆ, ಕೂತಲ್ಲೇ ಎಲ್ಲಾ ಗುಡ್ಡ ಕಾಣತ್ತೆ. ಕೆಸ್ವಿಕ್ಕಲ್ಲಿ ಡರ್ವೆಂಟ್‌ವಾಟರ್ ದಂಡೆಲಿ ಫ್ರಯರ್ಸ್ ಕ್ರಾಗ್ ತನಕ ಚಪ್ಪಟೆ ದಾರಿ. ಟಾರ್ನ್ ಹೌಸ್ ಸುತ್ತ ಜಲ್ಲಿ ಹಾಕಿದ ದಾರಿ ಎರಡು ಮೈಲಿಗಿಂತ ಕಮ್ಮಿ, ಅಲ್ಲಲ್ಲಿ ಏರಿಳಿತ ಇದೆ, ಅಮ್ಮನಿಗೆ ಅರ್ಧ ಸಾಕು. ಡ್ರೈವ್ ಮಾಡೋರು ಎ591 ಮುಖ್ಯ ರಸ್ತೆ ಬಿಟ್ಟು ಒಳಗೆ ಹೋಗೋ ಮುಂಚೆ ನಕ್ಷೆ ನೋಡ್ಕೊಳ್ಳಿ, ಹಾರ್ಡ್‌ನಾಟ್, ರೈನೋಸ್ ಪಾಸ್ ಕಡೆ ಸ್ಯಾಟ್‌ನ್ಯಾವ್ ಕರೆದ್ರೂ ಹೋಗ್ಬೇಡಿ, ಒಂದೇ ಗಾಡಿ ಅಗಲ, ಕೆಲವು ಕಡೆ ಮೂರಡಿಗೆ ಒಂದಡಿ ಏರು. ಕಾರೇ ಬೇಡ ಅಂದ್ರೆ ರೆಡಿಂಗಿಂದ ಟ್ರೇನಲ್ಲಿ ಎರಡು ಕಡೆ ಬದಲಾಯಿಸಿ ವಿಂಡರ್ಮಿಯರ್ ಸ್ಟೇಷನ್ನಿಗೇ ಬರ್ಬಹುದು. ಅಪ್ಪ ಅಮ್ಮನಿಗೆ 60 ದಾಟಿದ್ರೆ ಸೀನಿಯರ್ ರೈಲ್‌ಕಾರ್ಡ್ ಮಾಡ್ಸಿ, ಇಂಡಿಯನ್ ಪಾಸ್‌ಪೋರ್ಟಲ್ಲೂ ಆಗತ್ತೆ, ಟಿಕೆಟಲ್ಲಿ ಮೂರನೇ ಒಂದು ಭಾಗ ಕಮ್ಮಿ. ಸ್ಟೇಷನ್ ಹೊರಗಡೆಯಿಂದಲೇ 599, 555 ಬಸ್ಸು.

ಊಟಕ್ಕೆ ಕಾಟೇಜೇ ಸರಿ, ಹೋಟೆಲ್ ಬೇಡ. ಇಲ್ಲಿ ವೆಜಿಟೇರಿಯನ್ ಅಂದ್ರೆ ಮೊಟ್ಟೆ ಸೇರಿರತ್ತೆ, ಹಾಗಾಗಿ ಪಬ್ಬಲ್ಲಿ ವೀಗನ್ ಅಂತಲೇ ಕೇಳಿ. ಬೀನ್ಸ್ ಹಾಕಿದ ಜ್ಯಾಕೆಟ್ ಪೊಟಾಟೊ, ಅಂದ್ರೆ ಸಿಪ್ಪೆ ಸಮೇತ ಸುಟ್ಟ ಆಲೂಗಡ್ಡೆ, ಎಲ್ಲಾ ಕಡೆ ಸಿಗತ್ತೆ. ಬುಕ್ ಮಾಡೋ ಮುಂಚೆ ಒಲೆ ಇಂಡಕ್ಷನ್ನಾ ಅಂತ ಕೇಳ್ಕೊಳ್ಳಿ, ಇಂಡಕ್ಷನ್ ಆದ್ರೆ ಅಲ್ಯುಮಿನಿಯಂ ಕುಕ್ಕರ್ ತಂದು ಉಪಯೋಗ ಇಲ್ಲ.

ಸಾಗರದ_ಹುಡುಗಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮ್ಯಾಂಚೆಸ್ಟರ್ ಅವ್ರೆ, ನೀವು ಬರೆದಿದ್ದನ್ನ ನಾನು ಮೂರು ಸಲ ಓದಿದೆ. ಅಪ್ಪನ ಊರು ಲಿಂಗನಮಕ್ಕಿಲೇ ಹೋಗಿದ್ದು. 1964ರಲ್ಲಿ ಅವರಿಗೆ ಏಳು ವರ್ಷ, ಗಾಡಿಲಿ ಕೂತ್ಕೊಂಡು ಬಂದಿದ್ದು, ಬಾಗಿಲು ಚೌಕಟ್ಟು ಕಿತ್ತು ಗಾಡಿಗೆ ಹಾಕಿದ್ದು ಎಲ್ಲಾ ನೆನಪಿದೆ ಅವರಿಗೆ, ಆದ್ರೆ ಕೇಳಿದ್ರೆ ಮಾತ್ರ ಹೇಳ್ತಾರೆ. ಇಂಗ್ಲೆಂಡಲ್ಲೂ ಹೀಗಾಗಿದೆ ಅಂತ ನನಗೇ ಗೊತ್ತಿರ್ಲಿಲ್ಲ.

ಜೂನ್ ಎರಡನೇ ವಾರಕ್ಕೆ ಇಬ್ಬರೂ ರಜೆ ಬದಲಾಯಿಸಿದೀವಿ. ಆಂಬಲ್‌ಸೈಡಲ್ಲಿ ಮೂರು ರಾತ್ರಿ, ಕಾರಲ್ಲೇ ಹೋಗೋದು. ಕಾಟ್ಸ್‌ವೋಲ್ಡ್ಸ್‌ಗೆ ಅದಕ್ಕೂ ಮುಂಚೆನೇ ಒಂದು ಮಂಗಳವಾರ, ಬೌರ್ಟನ್ ಮತ್ತೆ ಆ ಸ್ಲಾಟರ್ ದಾರಿ, ನಮ್ಮನೇವ್ರೂ ಒಪ್ಪಿದ್ರು. ಇನ್ನೊಂದೇ ಪ್ರಶ್ನೆ, ಮಾರ್ಡೇಲ್ ಹತ್ರ ಕಾರು ಎಲ್ಲಿ ತನಕ ಹೋಗತ್ತೆ? ಅಮ್ಮನಿಗೆ ಇಳಿಯೋಕಾಗತ್ತಾ?

ಕೆಂಡಲ್_ವಾಸಿ

ಹಾಸ್‌ವಾಟರ್ ಪಕ್ಕದಲ್ಲೇ ರಸ್ತೆ ಹೋಗಿ ಮಾರ್ಡೇಲ್ ಹೆಡ್ ಅನ್ನೋ ಕಡೆ ಮುಗಿಯತ್ತೆ, ಅಲ್ಲಿ ಸಣ್ಣ ಪಾರ್ಕಿಂಗ್ ಇದೆ, ಬೇಗ ತುಂಬತ್ತೆ, ಹತ್ತರ ಒಳಗೆ ಇರಿ. ಅಮ್ಮ ಕಾರಲ್ಲಿ ಕೂತೇ ನೀರು ನೋಡ್ಬಹುದು. ಜೂನಲ್ಲಿ ನೀರು ತುಂಬಿದ್ರೆ ಗೋಡೆ ಕಾಣಲ್ಲ, ಅದು ಆ ವರ್ಷದ ಮಳೆ ಮೇಲಿದೆ. ವಾಪಸ್ ಹೋಗೋ ದಿನಕ್ಕೆ ಇಟ್ಕೊಳ್ಳಿ, ಅಲ್ಲಿಂದ ಬ್ಯಾಂಪ್ಟನ್ ಮೇಲೆ ಶ್ಯಾಪ್‌ಗೆ ಬಂದು ಜಂಕ್ಷನ್ 39ರಲ್ಲಿ ಎಂ6 ಹಿಡೀಬಹುದು. ಆ ಸಮಾಧಿಗಳನ್ನ ಸಾಗಿಸಿದ ಶ್ಯಾಪ್ ಇದೇ. ಮಾರ್ಡೇಲ್ ಹೆಡ್ಡಲ್ಲಿ ಅಂಗಡಿ ಗಿಂಗಡಿ ಏನೂ ಇಲ್ಲ, ಫ್ಲಾಸ್ಕಲ್ಲಿ ಕಾಫಿ ತುಂಬ್ಕೊಂಡು ಹೋಗಿ.